ಪೇಟ ಒಂದೇ ಇತ್ತು

ಹಣ್ಣಿನ ಬುಟ್ಟಿಯನ್ನು ಯಾರ ತೊಡೆಯ ಮೇಲೆ ಇಡುವುದು ಎಂಬುದೇ ಅವತ್ತಿನ ದೊಡ್ಡ ಪ್ರಶ್ನೆಯಾಗಿತ್ತು. ಹಳ್ಳಿಯ ಮಕ್ಕಳಿಗೆ ಸಂಜೆ ಹೊತ್ತು ಓದಿಸುವ ನಮ್ಮ ಪುಟ್ಟ ಟ್ರಸ್ಟಿಗೆ ಬಂದ ಪ್ರಶಸ್ತಿ ಪಡೆದು ಹಿಂದಿರುಗುತ್ತಿದ್ದೆವು. ಮೈಸೂರಿನಿಂದ ಮಂಡ್ಯಕ್ಕೆ ಸಂಜೆಯ ಪ್ಯಾಸೆಂಜರ್ ರೈಲು, ಕಚೇರಿ ಬಿಟ್ಟವರ ನೂಕುನುಗ್ಗಲು. ಆರು ಜನ ಹೆಂಗಸರು, ನಮ್ಮ ಅಧ್ಯಕ್ಷರು, ನಾನು. ಜೊತೆಗೆ ಶಾಲು, ಗಂಧದ ಹಾರ, ಎತ್ತಿದರೆ ಭುಜ ನೋಯುವಷ್ಟು ಭಾರದ ಸ್ಮರಣಿಕೆ, ಮತ್ತು ಒಂದು ಮೈಸೂರು ಪೇಟ. ಪೇಟವನ್ನು ಚೀಲಕ್ಕೆ ತುರುಕಿದರೆ ಅಪ್ಪಚ್ಚಿಯಾಗುತ್ತದೆ, ಕೈಯಲ್ಲಿ ಹಿಡಿದರೆ ಎಲ್ಲರೂ ನೋಡುತ್ತಾರೆ, ತಲೆಗೆ ಇಟ್ಟುಕೊಂಡರಂತೂ ಮದುವೆ ಗಂಡು. ಕೊನೆಗೆ ಅದು ಕಿಟಕಿಯ ಪಕ್ಕ ಕುಳಿತಿದ್ದ ಹೆಂಗಸೊಬ್ಬರ ಮಡಿಲಿಗೆ ಹೋಯಿತು. ಶ್ರೀರಂಗಪಟ್ಟಣದ ಹೊಳೆ ದಾಟುವವರೆಗೂ ಆಕೆ ಅದರ ಜರಿಯನ್ನು ಬೆರಳಿನಲ್ಲಿ ಸವರುತ್ತಲೇ ಇದ್ದರು. ಆಮೇಲೆ ಕೇಳಿದರು:

"ಅಣ್ಣಾ, ವೇದಿಕೆಯ ಮೇಲೆ ಸಮುದಾಯ ಸಮುದಾಯ ಎಂದು ಅಷ್ಟು ಸಲ ಹೇಳಿದರಲ್ಲ, ಅದು ಯಾರು?"

"ನೀವೇ ತಾಯಿ. ನಿಮ್ಮನ್ನೇ ಹೇಳಿದ್ದು."

"ಹಾಗಾದರೆ ಹೆಸರು ಕರೆಯಲಿಲ್ಲವಲ್ಲ?"

ಪಾಂಡವಪುರ ನಿಲ್ದಾಣ ಬಂತು, ಕಡಲೆಕಾಯಿ ಮಾರುವವನು ಹತ್ತಿದ, ಮಾತು ಬೇರೆ ಕಡೆಗೆ ಹೊರಳಿತು. ನಾನು ಬಚಾವಾದೆ ಎಂದುಕೊಂಡೆ. ಆಗಿರಲಿಲ್ಲ. ಆ ಪ್ರಶ್ನೆ ಮನೆಯವರೆಗೂ ಬಂತು, ಇವತ್ತು ಇದನ್ನು ಬರೆಯುವ ತನಕವೂ ಹೋಗಿಲ್ಲ.

ನಮ್ಮ ಪರಿಚಯ ಹೇಳಿಬಿಡುತ್ತೇನೆ. ಟ್ರಸ್ಟಿನ ಹೆಸರು ಬೇಡ. ಹೆಸರು ಹಾಕಿದರೆ ಇದೂ ಒಂದು ಕರಪತ್ರವಾಗುತ್ತದೆ. ನಾಲ್ಕೇ ಜನ ಟ್ರಸ್ಟಿಗಳು. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. ನಾನು ಖಜಾಂಚಿ. ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ, ಒಂದು ರೂಪಾಯಿ ತಾಳೆಯಾಗದಿದ್ದರೆ ಊಟ ಸೇರದ ಸ್ವಭಾವವನ್ನು ಅಂಟಿಸಿಕೊಂಡು ನಿವೃತ್ತನಾದವನು. ಇನ್ನಿಬ್ಬರಲ್ಲಿ ಒಬ್ಬರದು ಔಷಧಿ ಅಂಗಡಿ, ಇನ್ನೊಬ್ಬರು ನಿವೃತ್ತ ನರ್ಸ್. ಕಚೇರಿ ಎಂದರೆ ಮಂಡ್ಯದ ನನ್ನ ಮನೆಯ ಹೊರಕೋಣೆ. ಕೆಲಸ ನಡೆಯುವುದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ನನ್ನ ಹುಟ್ಟೂರಿನಲ್ಲಿ, ಅದರ ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಆಸ್ಪತ್ರೆ, ಶಾಲೆ ನಡೆಸುತ್ತಾ ಬೆಳೆದ ಬಗೆಯನ್ನು ಕಂಡವರಿಗೆ ನಮ್ಮದು ಸಂಸ್ಥೆಯ ಲೆಕ್ಕಕ್ಕೇ ಬಾರದು.

ಮೊದಲ ವರ್ಷಗಳಲ್ಲಿ ನಾವು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ಜೂನ್ ಬಂದರೆ ನೋಟ್‌ಬುಕ್ಕು, ಬ್ಯಾಗು, ಜಾಮಿಟ್ರಿ ಬಾಕ್ಸು. ಹಿಂದೆ ಬ್ಯಾನರ್. ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ, ಎದುರಿಗೆ ಕ್ಯಾಮೆರಾ. ಮಗು ಬ್ಯಾಗನ್ನು ಹಿಡಿದಿದ್ದರೂ ನಾವು ಬಿಡುತ್ತಿರಲಿಲ್ಲ, ಫೋಟೋ ಬರಬೇಕಲ್ಲ. ಆ ಫೋಟೋಗಳು ಈಗಲೂ ನನ್ನ ಕಡತದಲ್ಲಿವೆ. ನೋಡಿದರೆ ಎರಡು ಕಡೆಯವರೂ ಬ್ಯಾಗಿಗಾಗಿ ಜಗ್ಗಾಡುತ್ತಿರುವ ಹಾಗೆ ಕಾಣುತ್ತದೆ.

ಆಮೇಲೆ ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಆರಂಭಿಸಿದಾಗ ಮೇಷ್ಟ್ರುಗಳು ಅರಳಿಕಟ್ಟೆ, ದೇವಸ್ಥಾನದ ಜಗುಲಿ, ಹುಣಸೆಮರದ ನೆರಳು ಹುಡುಕಿಕೊಂಡು ಬಂದು ಪಾಠ ಮಾಡಿದರು. ಸೋಂಕು ಹೆಚ್ಚಿದ್ದರಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ ಕೊನೆಗೆ. ನಡುವಿನ ಆ ಒಂದೂವರೆ ವರ್ಷ ಮಕ್ಕಳು ಎಲ್ಲಿದ್ದರು? ಹೊಲದಲ್ಲಿದ್ದರು, ನಾಲೆಯಲ್ಲಿ ಈಜುತ್ತಿದ್ದರು, ಇದ್ದೊಂದು ಮೊಬೈಲಿಗಾಗಿ ಅಣ್ಣನ ಜೊತೆ ಕಿತ್ತಾಡುತ್ತಿದ್ದರು.

ಆ ಸಮಯದಲ್ಲಿ ಒಂದು ದಿನ ಊರಿಗೆ ಹೋಗಿದ್ದಾಗ, ನನ್ನ ದಾಯಾದಿ ಮನೆಯ ಹುಡುಗಿ ಪುಸ್ತಕ ತಂದು ಪಕ್ಕದಲ್ಲಿ ಕುಳಿತಳು. ದಾಖಲೆಯಲ್ಲಿ ಐದನೇ ತರಗತಿ. "ಓದು ನೋಡೋಣ" ಎಂದೆ. ಬೆರಳಿಟ್ಟುಕೊಂಡು ಗಡಗಡನೆ ಓದಿದಳು. ಉಚ್ಚಾರ ಚೆನ್ನಾಗಿತ್ತು, ಅಲ್ಪವಿರಾಮದ ಹತ್ತಿರ ನಿಲ್ಲುತ್ತಲೂ ಇದ್ದಳು. ನನಗೆ ಖುಷಿಯಾಯಿತು. ಅಷ್ಟರಲ್ಲಿ ಪುಟದ ಮೇಲೆ ನೊಣ ಕುಳಿತಿತು. ಓಡಿಸಲೆಂದು ಅಂಗೈ ಇಟ್ಟೆ. ಅವಳು ನಿಲ್ಲಲಿಲ್ಲ. ನನ್ನ ಅಂಗೈಯ ಮೇಲೆಯೇ ಬೆರಳು ಓಡಿಸುತ್ತಾ, ಪಾಠದ ಮುಂದಿನ ಎರಡು ಸಾಲನ್ನೂ "ಓದಿ" ಮುಗಿಸಿದಳು.

ನಾನು ಕೈ ತೆಗೆಯಲಿಲ್ಲ. ತೆಗೆದರೆ ಅವಳಿಗೆ ಗೊತ್ತಾಗುತ್ತದೆ, ನನಗೆ ಗೊತ್ತಾಯಿತೆಂದು. ಆಮೇಲೆ ಅದೇ ಪುಟದಿಂದ ಒಂದು ಪದವನ್ನು ಬೇರೆ ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ನೆಲ ನೋಡಿದಳು. ಆ ಮನೆಗೆ ನಾವು ಮೂರು ವರ್ಷ ಸಾಲಾಗಿ ಬ್ಯಾಗು ಕೊಟ್ಟಿದ್ದೆವು.

ಇದು ನಮ್ಮೂರಿನ ಕತೆ ಮಾತ್ರ ಅಲ್ಲವೆಂದು ಆಮೇಲೆ ತಿಳಿಯಿತು. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ಒಂದೇ ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕತೆ ಅಚ್ಚು ಹಾಕಿಸಿಕೊಂಡು ಹಳ್ಳಿಹಳ್ಳಿಯ ಮನೆಗೆ ಹೋಗಿ ಮಕ್ಕಳಿಂದ ಓದಿಸುತ್ತಾರೆ. ದೇಶದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಕತೆ ಓದಬಲ್ಲವರು 2018ರಲ್ಲಿ ಶೇಕಡಾ 27.3ರಷ್ಟಿದ್ದರು, 2022ಕ್ಕೆ ಅದು 20.5ಕ್ಕೆ ಇಳಿದಿತ್ತು. ಕೊರೋನಾಕ್ಕೆ ಮುಂಚೆಯೂ ನಾಲ್ವರಲ್ಲಿ ಮೂವರಿಗೆ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಎಲ್ಲವನ್ನೂ ರೋಗದ ತಲೆಗೆ ಕಟ್ಟುವಂತಿಲ್ಲ.

ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಓದಿಸೋಣ ಎಂದು ನಾವು ತೀರ್ಮಾನಿಸಿದೆವು. ಎಲ್ಲಿ ಕೂರಿಸುವುದು? "ಸಮುದಾಯ ಭವನ ಇದೆಯಲ್ಲ" ಎಂದರು ಅಧ್ಯಕ್ಷರು. ಇಲ್ಲಿ ಪೇಟೆಯ ಓದುಗರಿಗೆ ಒಂದು ಮಾತು ಹೇಳಬೇಕು. ವರದಿಗಳಲ್ಲಿ ಸಮುದಾಯ ಎಂದರೆ ಊರಿನ ಎಲ್ಲರೂ. ನಮ್ಮ ಕಡೆ ಮಾತಿನಲ್ಲಿ, ಚುನಾವಣೆಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಸಮುದಾಯ ಎಂದರೆ ಜಾತಿ. "ನಮ್ಮ ಸಮುದಾಯದ ಮುಖಂಡರು" ಎಂದರೆ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮೂರಿನಲ್ಲಿ ಭವನಗಳೂ ಎರಡಿವೆ. ಒಂದರಲ್ಲಿ ತರಗತಿ ಇಟ್ಟರೆ ಆಚೆ ಕೇರಿಯ ಮಕ್ಕಳು ಬಾಗಿಲ ತನಕ ಬಂದು ನಿಲ್ಲುತ್ತಾರೆ. ಇನ್ನೊಂದರಲ್ಲಿ ಇಟ್ಟರೆ ಈಚೆ ಬೀದಿಯ ತಾಯಂದಿರಿಗೆ ಆ ಸಂಜೆ ದಿಢೀರನೆ ಮಕ್ಕಳಿಗೆ ಜ್ವರ ಬರುತ್ತದೆ. ಯಾರೂ ಜಗಳ ಆಡುವುದಿಲ್ಲ. ಜ್ವರ ಅಷ್ಟೇ. ಮೊದಲ ಎರಡು ತಿಂಗಳು ನಾವು ಇದನ್ನು ಕಂಡೂ ಕಾಣದ ಹಾಗೆ ನಡೆಸಿದೆವು, ಹಾಜರಿ ಪುಸ್ತಕದಲ್ಲಿ "ಮಳೆಯ ಕಾರಣ" ಎಂದು ಬರೆದೆವು. ಆ ಪುಸ್ತಕವೂ ನನ್ನ ಬಳಿ ಇದೆ. ಅವುಗಳಲ್ಲಿ ಕೆಲವು ದಿನ ಮಳೆಯೇ ಬಂದಿರಲಿಲ್ಲ.

ಜಾಗ ತೋರಿಸಿದ್ದು ನಾವ್ಯಾರೂ ಅಲ್ಲ. ಹಾಲು ಹಾಕಲು ಬಂದಿದ್ದ ಹೆಂಗಸರು. "ಇಲ್ಲೇ ಕೂರಿಸಿ ಅಣ್ಣಾ, ಹೇಗೂ ಸಂಜೆ ಮಕ್ಕಳು ನಮ್ಮ ಹಿಂದೆಯೇ ಬರುತ್ತಾರೆ" ಎಂದರು. ಹಾಲಿನ ಡೈರಿಯ ಜಗುಲಿ! ಸಂಜೆ ಐದೂವರೆಯಿಂದ ಏಳರವರೆಗೆ ಊರಿನ ಎಲ್ಲ ಬೀದಿಯವರೂ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲುವ ಜಾಗ ಅದೊಂದೇ. ಎಲ್ಲರ ಹಾಲೂ ಒಂದೇ ಡ್ರಮ್ಮಿಗೆ ಬೀಳುತ್ತದೆ. ಊರಿನಲ್ಲಿ ಅಸಮಾನತೆ ಅಳಿದಿದೆ ಎಂದು ಇದರ ಅರ್ಥವಲ್ಲ. ಸಾಲು ಕರಗಿದ ಮೇಲೆ ಎಲ್ಲರೂ ತಂತಮ್ಮ ಬೀದಿಗೇ ಹೋಗುತ್ತಾರೆ. ಆದರೆ ಆ ಒಂದೂವರೆ ಗಂಟೆ ಅಲ್ಲಿ ನಿಲ್ಲಲು ಯಾರಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ನಾಲ್ಕು ಜನ ಟ್ರಸ್ಟಿಗಳು ಎರಡು ತಿಂಗಳು ತಲೆ ಕೆಡಿಸಿಕೊಂಡರೂ ಹೊಳೆಯದ್ದು ಇದು. ನಾವು ಬೆಳೆದದ್ದು ಅದೇ ಊರಿನಲ್ಲಾದರೂ, ಹಾಲು ಹಾಕುವುದು ಬಿಟ್ಟು ಬಹಳ ವರ್ಷವಾಗಿತ್ತು.

ಜಗುಲಿಯ ಮೇಲೆ ಚಾಪೆ ಹಾಸಿದೆವು. ಕಾಲೇಜು ಮುಗಿಸಿ ಊರಿನಲ್ಲೇ ಇದ್ದ ಇಬ್ಬರು ಹುಡುಗಿಯರು ಓದಿಸಲು ಒಪ್ಪಿದರು. ಮೊದಲ ವಾರವೇ ಒಂದು ತಂಟೆ. ತಾಯಂದಿರು ಮನೆಯಲ್ಲಿ ಅ ಆ ಇ ಈ ತಿದ್ದಿಸುತ್ತಿದ್ದರು; ಮಕ್ಕಳು "ಶಾಲೆಯಲ್ಲಿ ಹಾಗಲ್ಲ, ರ ಗ ಸ ದ ಅ" ಎನ್ನುತ್ತಿದ್ದರು. "ಅಕಾರವನ್ನು ಐದನೆಯದಾಗಿ ಕಲಿಸುವ ಶಾಲೆ ಎಂಥ ಶಾಲೆ?" ಎಂದು ಅಜ್ಜಿಯೊಬ್ಬರು ನನ್ನ ಮೇಲೆಯೇ ಹರಿಹಾಯ್ದರು, ನಾನೇ ವರ್ಣಮಾಲೆ ಕೆಡಿಸಿದವನ ಹಾಗೆ.

ಆಗ ನಮ್ಮ ಅಧ್ಯಕ್ಷರು ನಲಿ-ಕಲಿಯ ಕತೆ ಹೇಳಿದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಪಠ್ಯಪುಸ್ತಕದ ಬದಲು ಕಾರ್ಡುಗಳು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವ ಕಲಿಕೆಯ ಏಣಿ, ಹಾಡು, ತಲೆಯ ಮೇಲೆ ಮಕ್ಕಳ ಬರಹ, ಚಿತ್ರ ತೂಗುಹಾಕುವ ಚಪ್ಪರ. ಯುನಿಸೆಫ್ ಬೆಂಬಲದಿಂದ ಆ ತಾಲ್ಲೂಕಿನಲ್ಲಿ ಶುರುವಾದದ್ದು ಮುಂದೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಮೈಸೂರು ಸೀಮೆಯ ಹಿಂದುಳಿದ ತಾಲ್ಲೂಕೊಂದರ ಮೇಷ್ಟ್ರುಗಳು ರಾಜ್ಯಕ್ಕೆ ಪಾಠ ಮಾಡಿದ್ದು ಅದು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಅಕ್ಷರದ ಕ್ರಮಕ್ಕೂ ಕಾರಣವಿದೆ ಎಂದರು ಅಧ್ಯಕ್ಷರು. ಅ ಆ ಇ ಈ ಕಲಿತು ಮುಗಿಸಿದರೂ ಓದಲು ಪದ ಸಿಗುವುದಿಲ್ಲ. ರ ಗ ಸ ದ ಅ ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲವೂ ಕೈಗೆ ಬರುತ್ತವೆ.

ಅಜ್ಜಿ ಸುಮ್ಮನೆ ಕೇಳಿಸಿಕೊಂಡರು, ಒಪ್ಪಲಿಲ್ಲ. ಆದರೆ ದಿನವೂ ಮೊಮ್ಮಗನ ಪಕ್ಕದಲ್ಲಿ ಕುಳಿತರು. ಎರಡನೇ ವಾರವೋ ಏನೋ, ಡೈರಿಯ ಗೋಡೆಯ ಕಪ್ಪುಹಲಗೆಯ ಕಡೆ ಕೈ ತೋರಿಸಿ, "ಅಲ್ಲಿ ದರ ಎಂದು ಬರೆದಿದೆಯಲ್ಲವಾ?" ಎಂದರು. ಬರೆದಿತ್ತು. ಆ ಹಲಗೆಯ ಕೆಳಗೆ ಅವರು ಎಷ್ಟು ವರ್ಷ ಹಾಲಿನ ಕ್ಯಾನು ಹಿಡಿದು ನಿಂತಿದ್ದರೋ. ದ ಮತ್ತು ರ. ಅದರ ಮುಂದಿನ ಅಂಕಿ ಅವರಿಗೆ ಮೊದಲೇ ಗೊತ್ತಿತ್ತು. ಅಂಕಿ ಯಾವುದರದು ಎಂದು ಓದಿದ್ದು ಅವತ್ತೇ ಮೊದಲು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. "ಇಷ್ಟು ದಿನ ಯಾರಾದರೂ ಹೇಳಬಾರದಿತ್ತಾ" ಎಂದರು.

ಇನ್ನೊಂದು ಸಂಜೆಯದು ಗಣಿತ. ಹಾಲು ಅಳೆದ ಮೇಲೆ ಯಂತ್ರ ಚೀಟಿ ಕೊಡುತ್ತದೆ: ಇಷ್ಟು ಲೀಟರ್, ಇಷ್ಟು ಫ್ಯಾಟು, ಇಷ್ಟು ಎಸ್‌ಎನ್‌ಎಫ್. ಎಸ್‌ಎನ್‌ಎಫ್ ಎಂದರೆ ಜಿಡ್ಡನ್ನು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ. ಹಸುವಿನ ಹಾಲಿಗೆ ಎಂಟೂವರೆ ಬಂದರೆ ನೆಮ್ಮದಿ. ನಾವು ಹಲಗೆಯ ಮೇಲೆ 8.5 ಮತ್ತು 8.45 ಬರೆದು ಯಾವುದು ದೊಡ್ಡದು ಎಂದು ಕೇಳಿದೆವು. ಆರನೇ ತರಗತಿಯ ಹುಡುಗರು ಒಕ್ಕೊರಲಿನಿಂದ 8.45 ಎಂದರು. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ? ಓದಿಸುವ ಹುಡುಗಿ ದಶಾಂಶ ಸ್ಥಾನ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು, ಕೈಬೆರಳಿನಲ್ಲಿ ಎಂದೂ ಪೆನ್ನು ಹಿಡಿಯದವರು, "ಲೋ, ನಲವತ್ತೈದು ಬಂದ ದಿನ ನಿನ್ನಪ್ಪ ಹಸುವನ್ನು ಬಯ್ಯುತ್ತಾನೆ, ಐದು ಬಂದ ದಿನ ಸುಮ್ಮನಿರುತ್ತಾನೆ. ಯಾವುದು ದೊಡ್ಡದು ಹೇಳು" ಎಂದರು.

ಹುಡುಗ ಬಾಯಿ ಮುಚ್ಚಿಕೊಂಡ. ಆಮೇಲೆ ಓದಿಸುವ ಹುಡುಗಿ 8.5ರ ಮುಂದೆ ಒಂದು ಸೊನ್ನೆ ಸೇರಿಸಿ 8.50 ಮಾಡಿ ತೋರಿಸಿದಳು. ಎರಡೂ ಪಾಠ ಬೇಕಿತ್ತು. ಸೊನ್ನೆಯ ಪಾಠ ಮೊದಲು ಬಂದಿದ್ದರೆ ಅದು ಇನ್ನೊಂದು ಬಾಯಿಪಾಠವಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಪ್ರಶಸ್ತಿಪತ್ರದಲ್ಲಿ "ಸಮುದಾಯದ ನೇತೃತ್ವದ ಕಲಿಕೆ" ಎಂದು ಅಚ್ಚಾಗಿದೆಯಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆ ಸಂಜೆ, ಹತ್ತು ಸೆಕೆಂಡು.

ಊರಿನವರು ಶಾಲೆಯನ್ನು ತಮ್ಮದೆಂದು ನಡೆಸುವುದು ಹೊಸದೇನೂ ಅಲ್ಲ. ಕೂಲಿಮಠದ ಅಯ್ಯಗಳಿಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರವಲ್ಲ, ಮಕ್ಕಳ ಮನೆಯವರು ಅಳೆಯುತ್ತಿದ್ದ ಕಾಳು. 1868ರಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದಾಗಲೂ ಶಾಲೆಗೆ ಕಟ್ಟಡ ಒದಗಿಸುವ ಹೊಣೆ ರೈತರದೇ ಆಗಿತ್ತು. ನಮ್ಮ ಕಾಲದಲ್ಲಿ ಅದಕ್ಕೆ ಕಾನೂನಿನ ಬಲವೂ ಇದೆ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಕಾಗದದಲ್ಲಿ ಇದಕ್ಕಿಂತ ಚೆಂದ ಏನು ಬೇಕು! ನಾನು ಕಂಡ ಒಂದು ಶಾಲೆಯಲ್ಲಿ ನಡಾವಳಿ ಪುಸ್ತಕ ಸಹಿಗಾಗಿ ಮನೆಮನೆಗೆ ಹೋಗುತ್ತಿತ್ತು. ಸಭೆ ನಡೆದಿರುತ್ತಿತ್ತು, ಸದಸ್ಯೆಯೂ ಹಾಜರಿರುತ್ತಿದ್ದರು, ಅವರಿಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಅದೇ ಹೆಂಗಸು ಡೈರಿಯ ಸಾಲಿನಲ್ಲಿ ಹತ್ತು ಮಿಲಿ ಹಾಲು ವ್ಯತ್ಯಾಸ ಬಂದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ದನಿ ಇಲ್ಲದವರಲ್ಲ. ಅವರ ದನಿಗೆ ಏನಾದರೂ ಕದಲುತ್ತದೆ ಎಂಬ ನಂಬಿಕೆ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ.

ಸೋತದ್ದನ್ನೂ ಬರೆಯಬೇಕು. ನಮ್ಮ ಸುತ್ತ ಆಲೆಮನೆಗಳಿವೆ. ಒಂದು ಸಲ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ನೂರು ಕೆಜಿ ಕಬ್ಬು ಅರೆದರೆ ಬೆಲ್ಲ ಇಳಿಯುವುದು ಹೆಚ್ಚುಕಡಿಮೆ ಹತ್ತು ಕೆಜಿ ಎಂಬ ಶೇಕಡಾ ಲೆಕ್ಕವನ್ನು ಕೊಪ್ಪರಿಗೆಯ ಮುಂದೆಯೇ ಕಲಿತರು. ಒಲೆಗೆ ಹೋಗುವುದು ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚೇ ಎಂದು ಬರೆದುಕೊಂಡರು. ಅಚ್ಚು, ಬಾಕ್ಸು, ಬಕೆಟ್ಟು, ಕುರಿಕಾಟು ಎಂದು ಬೆಲ್ಲದ ಹೆಸರುಗಳ ಪಟ್ಟಿ ಮಾಡಿದರು. ಅದೇ ಆಲೆಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ, ಉತ್ತರದಿಂದ ದುಡಿಯಲು ಬಂದವರ ನಾಲ್ಕು ಮಕ್ಕಳಿದ್ದರು. ನಮ್ಮ ಮಕ್ಕಳು ಬರೆದುಕೊಳ್ಳುವುದನ್ನು ಅವರು ನಿಂತು ನೋಡಿದರು. ಡೈರಿಗೆ ಬನ್ನಿ ಎಂದು ಕೈಸನ್ನೆ ಮಾಡಿ ಕರೆದೆವು. ಒಂದು ದಿನ ಬಂದರು, ನಮ್ಮ ಹುಡುಗಿಯರಿಗೆ ಹಿಂದಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಹಾಡು ಹಾಡಿಸಿ ಕಳುಹಿಸಿದೆವು. ಮತ್ತೆ ಬರಲಿಲ್ಲ. ಹಂಗಾಮು ಮುಗಿದ ಮೇಲೆ ಶೆಡ್ಡೂ ಖಾಲಿ. ಹಾಲು ಹಾಕದವರು ನಮ್ಮ ಸಮುದಾಯದಲ್ಲಿ ಇರಲಿಲ್ಲ, ನೋಡಿ. ನಾವು ಕಂಡುಕೊಂಡ ಜಾಗಕ್ಕೂ ಒಂದು ಗೋಡೆ ಇತ್ತು.

ಈ ಪ್ಯಾರಾ ಪ್ರಶಸ್ತಿಯ ಅರ್ಜಿಯಲ್ಲಿ ಇರಲಿಲ್ಲ. ಅರ್ಜಿ ಭರ್ತಿ ಮಾಡಿದವನು ನಾನೇ. "ಫಲಾನುಭವಿಗಳ ಸಂಖ್ಯೆ" ಎಂಬ ಕಲಮಿನ ಮುಂದೆ ಎಷ್ಟು ಹೊತ್ತು ಕುಳಿತೆ. ಅಜ್ಜಿ ಫಲಾನುಭವಿಯೋ ಶಿಕ್ಷಕಿಯೋ? ದಶಾಂಶ ಕಲಿಸಿದವರು ಯಾವ ಕಲಮು? "ಸಂಸ್ಥಾಪಕರ ಪರಿಚಯ, 300 ಪದಗಳಲ್ಲಿ" ಎಂದಿತ್ತು. "ಜಾಗ ತೋರಿಸಿದವರ ಪರಿಚಯ" ಎಂದು ಎಲ್ಲೂ ಇರಲಿಲ್ಲ. ನಾನು ಶುದ್ಧನೇನಲ್ಲ. ನನಗೂ ಪ್ರಶಸ್ತಿ ಬೇಕಿತ್ತು. ಸಂಖ್ಯೆಗೆ ಮೂರೂ ಹಳ್ಳಿಯ ಹಾಜರಿ ಕೂಡಿಸಿದೆ, ಅಧ್ಯಕ್ಷರ ಬಗ್ಗೆ ಮುನ್ನೂರು ಪದ ಬರೆದೆ, ಸಮಾರಂಭಕ್ಕೆ ರೇಷ್ಮೆ ಅಂಚಿನ ಪಂಚೆಯನ್ನೇ ಉಟ್ಟೆ.

ಮನ್ನಣೆಯಿಂದ ಉಪಯೋಗವಿಲ್ಲ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಪತ್ರಿಕೆಯಲ್ಲಿ ಎರಡು ಕಾಲಮಿನ ಸುದ್ದಿ ಬಂದ ಮೇಲೆ ಕಚೇರಿಗಳಲ್ಲಿ ನಮಗೆ ಕುರ್ಚಿ ಸಿಗುತ್ತಿದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದ ಮಕ್ಕಳ ಪುಸ್ತಕಗಳನ್ನು ಕಂತುಕಂತಾಗಿ ಡೈರಿಗೆ ತರಲು ಮೊದಲು ಹತ್ತು ಸಲ ಅಲೆದಿದ್ದೆವು. ಈಗ ಗ್ರಂಥಪಾಲಕರೇ ಫೋನ್ ಮಾಡುತ್ತಾರೆ. ದೊಡ್ಡ ಮಟ್ಟದಲ್ಲೂ ಗಾಳಿ ಸ್ವಲ್ಪ ತಿರುಗಿದೆ. 2007ರಲ್ಲಿ ಸಫೀನಾ ಹುಸೇನ್ ಆರಂಭಿಸಿದ ಎಜುಕೇಟ್ ಗರ್ಲ್ಸ್ ಸಂಸ್ಥೆಗೆ 2025ರ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಭಾರತದ ಸಂಸ್ಥೆಯೊಂದಕ್ಕೆ ಅದು ಸಂದದ್ದು ಅದೇ ಮೊದಲು. ರಾಜಸ್ಥಾನದ ಹಳ್ಳಿಗಳಲ್ಲಿ ಶಾಲೆ ಬಿಟ್ಟ ಹುಡುಗಿಯರನ್ನು ಮನೆಮನೆಗೆ ಹೋಗಿ ಹುಡುಕುವವರು ಅದೇ ಹಳ್ಳಿಗಳ ಯುವಕ ಯುವತಿಯರು. ಟೀಮ್ ಬಾಲಿಕಾ ಎಂದು ಅವರನ್ನು ಕರೆಯುತ್ತಾರೆ. ಅದನ್ನು ಓದಿದ ದಿನ ನಮ್ಮ ಇಬ್ಬರು ಹುಡುಗಿಯರಿಗೂ ಓದಿ ಹೇಳಿದೆ. ಒಬ್ಬಳು ಕೇಳಿದಳು: "ಅವರಿಗೆ ಸಂಬಳ ಎಷ್ಟು ಅಂಕಲ್?"

ಆ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಊರಿನವರೇ ನಡೆಸುತ್ತಾರೆ ಎಂಬ ಮಾತನ್ನು ಹೊಗಳಿಕೆಯಾಗಿ ಹೇಳುವವರಲ್ಲಿ ಕೆಲವರು ಮನಸ್ಸಿನಲ್ಲಿ ಹಾಕುವ ಲೆಕ್ಕ ಬೇರೆ: ಹಾಗಾದರೆ ಖರ್ಚಿಲ್ಲ. ಶಾಲೆಯಲ್ಲಿ ಮೇಷ್ಟ್ರ ಹುದ್ದೆ ಖಾಲಿ ಇದ್ದರೂ ನಡೆಯುತ್ತದೆ, ಡೈರಿಯ ಜಗುಲಿಯಲ್ಲಿ ಹುಡುಗಿಯರು ಇದ್ದಾರಲ್ಲ. ಹೆಂಗಸರು ಹಸು ಕಟ್ಟಿ, ಹಾಲು ಕರೆದು, ಮುದ್ದೆ ಬೇಯಿಸಿ, ಉಳಿದ ಹೊತ್ತಿನಲ್ಲಿ ದೇಶದ ಶಿಕ್ಷಣವನ್ನೂ ಎತ್ತಿ ಹಿಡಿಯಬೇಕು. "ಮೇಷ್ಟ್ರಿಗೆ ಸಂಬಳ, ನಮಗೆ ಚಪ್ಪಾಳೆಯಾ?" ಎಂದು ಒಬ್ಬ ತಾಯಿ ಸಭೆಯಲ್ಲಿ ಕೇಳಿಯೇಬಿಟ್ಟರು. ನಾವು ಆ ಇಬ್ಬರು ಹುಡುಗಿಯರಿಗೆ ಕೊಡುತ್ತಿದ್ದ ಗೌರವಧನ ಅವರ ಬಸ್ಸಿನ ಖರ್ಚಿಗಿಂತ ತುಸು ಹೆಚ್ಚು, ಅಷ್ಟೇ. ಖಜಾಂಚಿಯಾಗಿ ಆ ಚೀಟಿಗೆ ಪ್ರತಿ ತಿಂಗಳು ಸಹಿ ಹಾಕುವವನು ನಾನು, ಆದ್ದರಿಂದ ಗೌರವಧನ ಎಂಬ ಪದದಲ್ಲಿ ಗೌರವ ಎಷ್ಟು, ಧನ ಎಷ್ಟು ಎಂದು ನನಗೆ ಚೆನ್ನಾಗಿ ಗೊತ್ತು.

ಪ್ರಶಸ್ತಿಯ ಬೆನ್ನಿಗೇ ಒಂದು ಕಂಪನಿಯವರು ಬಂದರು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಇಂಥ ಕೆಲಸಕ್ಕೆ, ಅಂದರೆ ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್), ಖರ್ಚು ಮಾಡಬೇಕು. ಅದನ್ನು ಪಡೆಯುವ ನಮ್ಮಂಥವರು 2021ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನಮೂನೆ ತುಂಬುವುದು ನನಗೆ ಹಬ್ಬ, ಆದ್ದರಿಂದ ಅದು ಸಿದ್ಧವಿತ್ತು. ಬಂದವರು ಒಳ್ಳೆಯವರೇ. ಒಂದು ವರ್ಷದಲ್ಲಿ ಐವತ್ತು ಹಳ್ಳಿ ಮಾಡೋಣ ಎಂದರು. ನಿಮ್ಮ ಮಾದರಿಯ ಕೈಪಿಡಿ ಕೊಡಿ ಎಂದರು. ಡೈರಿಯ ಗೋಡೆಗೆ ತಮ್ಮ ಬಣ್ಣ ಬಳಿಸುತ್ತೇವೆ ಎಂದರು. ಅಧ್ಯಕ್ಷರ ಕಣ್ಣಿನಲ್ಲಿ ಐವತ್ತು ಹಳ್ಳಿ ಮಿಂಚಿದ್ದು ನನಗೆ ಕಂಡಿತು, ಅವರಿಗೆ ನನ್ನ ಕಣ್ಣಿನದೂ ಕಂಡಿರಬೇಕು.

ಕೈಪಿಡಿಯಲ್ಲಿ ಏನು ಬರೆಯುವುದು? "ಡೈರಿಯಲ್ಲಿ ತರಗತಿ ನಡೆಸಿ" ಎಂದೇ? ಇನ್ನೊಂದು ಊರಿನ ಡೈರಿ ಯಾರೋ ಒಬ್ಬರ ಮನೆಯ ಹಜಾರದಲ್ಲಿ ಇರಬಹುದು. ಅಲ್ಲಿಯ ಸರಿಯಾದ ಜಾಗ ನ್ಯಾಯಬೆಲೆ ಅಂಗಡಿಯ ಮುಂದೆ ಇರಬಹುದು, ಬಸ್ ನಿಲ್ದಾಣದಲ್ಲಿ ಇರಬಹುದು. ಅದನ್ನು ಹೇಳಬೇಕಾದವರು ಆ ಊರಿನ ಸಾಲಿನಲ್ಲಿ ನಿಂತವರು, ಮತ್ತು ಅವರು ಹೇಳುವ ತನಕ ನಾವು ಎರಡು ತಿಂಗಳು ಪೆದ್ದರ ಹಾಗೆ ಸೋಲಬೇಕು. ಸೋಲಲು ಎರಡು ತಿಂಗಳು ಕೊಡಿ ಎಂದು ಯಾವ ಪ್ರಸ್ತಾವನೆಯಲ್ಲಿ ಬರೆದರೆ ಹಣ ಬರುತ್ತದೆ? ಕೊನೆಗೆ ಇನ್ನೆರಡು ಹಳ್ಳಿಗೆ, ಓದಿಸುವವರಿಗೆ ಮರ್ಯಾದೆಯ ಸಂಬಳಕ್ಕೆ ಮಾತ್ರ ಕೇಳಿದೆವು. ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದು ಹೋಗಿದ್ದಾರೆ. ಗೋಡೆಯ ಬಣ್ಣದ ವಿಷಯಕ್ಕೆ ಡೈರಿಯ ನಿರ್ದೇಶಕರು ಒಂದೇ ಮಾತು ಹೇಳಿದರಂತೆ: "ದರ ಬರೆಯುವ ಹಲಗೆಗೆ ಮಾತ್ರ ಬಳಿಯಬೇಡಿ."

ಪೇಟ ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಅಧ್ಯಕ್ಷರು ಮನೆಗೆ ಒಯ್ಯಲಿಲ್ಲ. ರೈಲಿನಲ್ಲಿ ಅದು ಯಾರ ಮಡಿಲಿನಲ್ಲಿತ್ತೋ ಅವರ ಜೊತೆಯೇ ಇಳಿದು ಊರಿಗೆ ಹೋಯಿತು. ಈಗ ಡೈರಿಯೊಳಗೆ ಮೊಳೆಗೆ ತೂಗುತ್ತಿರುತ್ತದೆ. ಸಂಜೆ ಯಾವ ಮಗು ಎದ್ದುನಿಂತು ಕತೆ ಓದುತ್ತದೋ ಅದರ ತಲೆಗೆ. ಎರಡನೇ ತರಗತಿಯವರಿಗೆ ಮೂಗಿನ ತನಕ ಇಳಿಯುತ್ತದೆ, ಒಂದು ಕೈಯಲ್ಲಿ ಎತ್ತಿಹಿಡಿದುಕೊಂಡೇ ಓದಬೇಕು. ಜರಿ ಕಿತ್ತುಹೋಗಿದೆ, ಎಣ್ಣೆ ಹತ್ತಿದೆ. ನೊಣ ಓಡಿಸಿದ ದಿನ ನನ್ನ ಅಂಗೈ ಓದಿದ ಹುಡುಗಿ ಈಗ ಹೈಸ್ಕೂಲು. ಅವಳು ಇಟ್ಟುಕೊಳ್ಳಲು ನಾಚಿಕೊಂಡು ತಮ್ಮನಿಗೆ ಇಡುತ್ತಾಳೆ.

ಹೋದ ತಿಂಗಳು ಲೆಕ್ಕ ನೋಡಲೆಂದು ಸಂಜೆಗೆ ಮುಂಚೆಯೇ ಊರಿಗೆ ಹೋದೆ. ಡೈರಿಯ ಪಕ್ಕದ ಕೋಣೆಯಲ್ಲಿ ನಮ್ಮ ಚಾಪೆ, ಪುಸ್ತಕದ ಕಪಾಟು ಇರುತ್ತವೆ. ಬಾಗಿಲಿಗೆ ಹೊಸ ಬೀಗ. ನನ್ನ ಜೇಬಿನ ಬೀಗದ ಕೈ ಹಿಡಿಯಲಿಲ್ಲ. ರಸೀದಿ ಪುಸ್ತಕ ತೆರೆದು ನೋಡಿದೆ, ಬೀಗ ಕೊಂಡ ಖರ್ಚು ಎಲ್ಲೂ ಇರಲಿಲ್ಲ. ಜಗುಲಿಯ ಮೇಲೆ ಮುಕ್ಕಾಲು ಗಂಟೆ ಕುಳಿತಿದ್ದೆ. ಆಮೇಲೆ ಕ್ಯಾನು ಹಿಡಿದು ಬಂದರು, ರೈಲಿನಲ್ಲಿ ಪ್ರಶ್ನೆ ಕೇಳಿದ ಅದೇ ಹೆಂಗಸು. ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿದರು.

"ಹಳೆಯದು ತುಕ್ಕು ಹಿಡಿದಿತ್ತು ಅಣ್ಣಾ. ನಾವೇ ಸೇರಿ ತಂದೆವು. ಮೂರು ಕೈ ಇದ್ದವು, ಮೂರು ಬೀದಿಗೆ ಒಂದೊಂದು ಕೊಟ್ಟಿದ್ದೇವೆ."

"ನಮಗೆ?"

ಆಕೆ ಬಾಗಿಲು ತಳ್ಳಿ, ಚಾಪೆಯನ್ನು ಹೊರಗೆಳೆಯುತ್ತಾ ಹೇಳಿದರು: "ನೀವು ಬರುವ ಹಿಂದಿನ ದಿನ ಒಂದು ಫೋನ್ ಮಾಡಿ."